ಮುಡಿಪುವೀರನ ಕಳ್ಳ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಶ್ರೀಕಾಂತನಿಗೆ ಮೀಸೆ ನರೆಯತೊಡಗಿದರೂ ಸೂಪರ್‌ಹೀರೋ ಕಾಮಿಕ್ಸಿನ ಹುಚ್ಚು ಬಿಟ್ಟಿಲ್ಲ. ಅದರ ಜೊತೆಗೇ ಬೆಳೆದದ್ದು ಅನುಮಾನ. ಗಿರಾಕಿ ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುವ ಜನ್ಮ ಅವನದು.

ಅವನ ಮೆಚ್ಚಿನ ಕಾಮಿಕ್ಸ್ ಕಂಪನಿ ಈ ಸಲ ಸ್ಪರ್ಧೆ ಇಟ್ಟು ಓದುಗರಿಂದಲೇ ಕಥೆ ಕೇಳಿತು. ಶ್ರೀಕಾಂತನ ಬಳಿ ಒಂದು ಕಥೆಯಿತ್ತು, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ನಾಯಕನ ಹೆಸರು ಮುಡಿಪುವೀರ. ಕಷ್ಟದಲ್ಲಿರುವವರು ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಾಣಿಕೆಯ ಮುಡಿಪು ಕಟ್ಟಿಟ್ಟರೆ ಅವನಿಗೆ ಬಲ ಬರುತ್ತದೆ. ಕಷ್ಟ ಕಳೆದ ಮೇಲೆ ಅವರು ಹರಕೆ ಮರೆತರೆ ಆ ಬಲ ಸೋರಿಹೋಗುತ್ತದೆ. ಊರೆಲ್ಲ ಸುಖವಾಗಿದ್ದಾಗಲೇ ಪಾಪ ವೀರ ಹಾಸಿಗೆ ಹಿಡಿಯುತ್ತಾನೆ. ಇದನ್ನು ಶ್ರೀಕಾಂತ ಹೇಳಿದ್ದು ಒಬ್ಬನಿಗೇ, ಶೃಂಗೇರಿಯ ಪ್ರಸಾದನಿಗೆ. ಪ್ರಸಾದ ಪೌರೋಹಿತ್ಯ ಮಾಡುವವನು. ಶಾಲೆಯ ದಿನಗಳಿಂದ ಗೆಳೆಯ, ಈ ಹುಚ್ಚಿನಲ್ಲೂ ಪಾಲುದಾರ.

ಆಮೇಲೆ ಪ್ರಸಾದ ಬದಲಾದ. ಫೋನ್ ಮಾಡಿದರೆ, "ಕೆಲ್ಸ ಉಂಟು ಮಾರಾಯ" ಎಂದು ಇಡುತ್ತಿದ್ದ. ಒಮ್ಮೆ ಮನೆಗೆ ಹೋದಾಗ ಬರೆಯುತ್ತಿದ್ದ ಹಾಳೆಯನ್ನು ಮಗುಚಿಟ್ಟ.

"ಎಂತ ಬರೀತಿದೀಯ?" ಶ್ರೀಕಾಂತ ಕೇಳಿದ.

"ಸ್ಪರ್ಧೆಗೆ. ನೀ ಈಗ ಓದ್ಬೇಡ."

ಅಷ್ಟು ಸಾಕಾಯಿತು. ತನ್ನ ಕಥೆ ಕಳುವಾಯಿತೆಂದು ಶ್ರೀಕಾಂತ ತೀರ್ಮಾನಿಸಿಬಿಟ್ಟ. ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು, ಕೇಳಲಿಲ್ಲ. ಕಂಪನಿಗೆ ತನ್ನ ಕಥೆ ಕಳಿಸಲೂ ಇಲ್ಲ, ಅವರೂ ಕಳ್ಳರಿರಬಹುದಲ್ಲ! ನೇರ ಊರ ದೇವತೆ ಚೌಡಿಯ ಬನಕ್ಕೆ ಹೋಗಿ, ಕಾಯಿ ಇಟ್ಟು, ಪ್ರಸಾದನ ಹೆಸರು ಹಿಡಿದು ದೂರು ಹೇಳಿದ. "ನನ್ನ ಕಥೆ ಕದ್ದವ್ನನ್ನ ನೀನೇ ನೋಡ್ಕೋ ತಾಯಿ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಇಬ್ಬರೂ ಒಟ್ಟಿಗೆ ಹೋಗಿ ತಪ್ಪುಕಾಣಿಕೆ ಹಾಕಿ ದೂರು ಬಿಡಿಸಿಕೊಳ್ಳುವವರೆಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹನಿ ನೀರೂ ಮುಟ್ಟುವಂತಿಲ್ಲ. ಬನದ ಹತ್ತಿರ ಹೂ ಕೊಯ್ಯುತ್ತಿದ್ದ ಸೀತಕ್ಕ ಎಲ್ಲ ಕೇಳಿಸಿಕೊಂಡರು. ಸುದ್ದಿ ಶೃಂಗೇರಿ ಮುಟ್ಟಲು ಬಸ್ಸೂ ಬೇಕಾಗಲಿಲ್ಲ.

ಫಲಿತಾಂಶ ಬಂತು. ಗೆದ್ದವನು ಪ್ರಸಾದ. ಕಳ್ಳ ಸಿಕ್ಕಿಬಿದ್ದ ಎಂಬ ಖುಷಿಯಲ್ಲಿ ಶ್ರೀಕಾಂತ ಅಂಗಡಿಯಲ್ಲೇ ಫೋನ್ ಹಿಡಿದು ಕಥೆಯ ಸಾರ ಓದಿದ.

ಮುಡಿಪು ಇರಲಿಲ್ಲ. ಹರಕೆಯೂ ಇರಲಿಲ್ಲ. ಇದ್ದವನು ಅನುಮಾನರಾಯನೆಂಬ ಖಳನಾಯಕ. ಅವನು ಯಾರನ್ನು ಅನುಮಾನಿಸುತ್ತಾನೋ ಅವರು ಅವನ ಕಣ್ಣಿಗೆ ಕಾಣದಂತಾಗುತ್ತಾರೆ. ಹೆಂಡತಿ, ನೆರೆಯವರು, ಗಿರಾಕಿಗಳು ಎಲ್ಲ ಮಾಯವಾಗಿ ಕೊನೆಗೆ ಖಾಲಿ ಊರಿನಲ್ಲಿ ಅವನೊಬ್ಬನೇ. ನಾಯಕ ಅವನನ್ನು ಹೊಡೆಯುವುದಿಲ್ಲ. ತಾನು ಅವನಿಗೆ ಕಾಣದಿದ್ದರೂ ಪಕ್ಕದಲ್ಲೇ ಕೂತು, ಮತ್ತೆ ಕಾಣುವವರೆಗೆ ಮಾತಾಡುತ್ತಲೇ ಇರುತ್ತಾನೆ.

ಶ್ರೀಕಾಂತನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಶಟರ್ ಎಳೆದು ಶೃಂಗೇರಿ ಬಸ್ ಹತ್ತಿದ.

ಪ್ರಸಾದನ ತಾಯಿ ಮೂಕಾಂಬಿಕಮ್ಮ ರೂಢಿಯಂತೆ ಬೆಲ್ಲ, ನೀರು ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ನಿಂಗೆ ಕೊಡೋ ಹಾಗಿಲ್ಲ ಅಲ್ದಾ ಮಗಾ" ಎಂದು ಕಣ್ಣೊರೆಸಿಕೊಂಡು ತಟ್ಟೆ ವಾಪಸು ಒಯ್ದರು.

"ನಂದೇ ತಪ್ಪು ಮಾರಾಯ. ನಾಳೆ ಬನಕ್ಕೆ ಬಾ, ಬಿಡಿಸ್ಕೊಂಡು ಬರಾಣ" ಎಂದ ಶ್ರೀಕಾಂತ.

"ಓದಿದ್ಮೇಲೆ ಬಂದಿದೀಯ," ಪ್ರಸಾದ ಕೇಳಿದ. "ಓದದೇ ಇದ್ದಿದ್ರೆ ಬರ್ತಿದ್ಯಾ?"

ಬರುತ್ತಿದ್ದೆ ಎನ್ನಲು ಶ್ರೀಕಾಂತ ಬಾಯಿ ತೆರೆದ. ಸುಳ್ಳು ಹೇಳಲಾಗಲಿಲ್ಲ. ಬನಕ್ಕೆ ಬರುತ್ತೇನೆ ಎನ್ನದೆಯೇ ಪ್ರಸಾದ ಎದ್ದು ಒಳಗೆ ಹೋದ.