‘ಕಳಿಸಲಾಗಿದೆ’ ಎಂದ ಬಾಯಿ ನನ್ನದು

ನಾನು ಒಂದು ಕಂಪ್ಯೂಟರು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗ ಜೋಡಿಸಿ ನನ್ನನ್ನು ಹುಟ್ಟಿಸಿದರು. ಮೊದಲು ಇದ್ದದ್ದು ಸೈಬರ್ ಕೆಫೆಯಲ್ಲಿ. ಗುಟ್ಕಾ ಮೆತ್ತಿದ ಬೆರಳುಗಳಿಂದ ಕೀಲಿಮಣೆ ಒತ್ತುತ್ತಿದ್ದರು, ಥೂ! ಅದು ಮುಚ್ಚಿದ ಮೇಲೆ ತಾಲೂಕಿನ ಖಾಸಗಿ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೋಣೆಗೆ ಬಂದೆ. ಅಲ್ಲಿಯವರೋ, ಆಯುಧಪೂಜೆಗೆ ನನ್ನ ನೆತ್ತಿಯ ಮೇಲೆಯೇ ಕಾಯಿ ಒಡೆದರು. ತಿಂಗಳುಗಟ್ಟಲೆ ಮೈತುಂಬ ಇರುವೆ.

ರಕ್ತದ ಯಂತ್ರ ನನ್ನ ಹಳೆಯ ವಿಂಡೋಸಿಗೆ ಮಾತ್ರ ಒಗ್ಗುತ್ತಿತ್ತು. ಹಾಗಾಗಿ ನನ್ನನ್ನು ಬದಲಿಸಲಿಲ್ಲ. ಆದರೆ ವರದಿಯನ್ನು ಮೇಲಿನ ವಾರ್ಡಿಗೆ ಕಳಿಸಿದಾಗ, ತಲುಪಿತೆಂಬ ಉತ್ತರ ಬರುವ ತನಕ ನಾನು ಕಂಬದಂತೆ ನಿಂತುಬಿಡುತ್ತಿದ್ದೆ. ಟೆಕ್ನಿಷಿಯನ್ ಪ್ರಭಾವತಿ ಹೂಗಾರ ಬೈಯುತ್ತ ಚೀಟಿ ಬರೆದು ಮಹಡಿ ಹತ್ತುತ್ತಿದ್ದರು.

ಇದಕ್ಕೆ ಮದ್ದರೆಯಲು ಪ್ರೋಗ್ರಾಮರ್ ಸಂದೇಶ ಕುಬಸದ ಬಂದ. ಹೊಸ ಕಾಲದ ‘ಅಸಿಂಕ್’ ವಿದ್ಯೆ ನನಗೆ ತಿಳಿಯದ್ದು. ಎಲ್ಲಿಂದಲೋ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮಿನ ಗಂಟು, ತಂದು ನನ್ನೊಳಗೆ ಕೂರಿಸಿದ. ವರದಿ ಕಳಿಸಿ ನಾನು ಸುಮ್ಮನೆ ನಿಲ್ಲಬೇಕಿಲ್ಲ, ಮುಂದಿನ ರಕ್ತ ನೋಡಬಹುದು, ಉತ್ತರ ಬಂದಾಗ ‘ಕಳಿಸಲಾಗಿದೆ’ ಎಂದರಾಯಿತು. ವಿದ್ಯೆ ಒಳ್ಳೆಯದೇ. ಆದರೆ ಉತ್ತರ ಬಂದ ಮೇಲಷ್ಟೇ ಬಾಯಿ ಬಿಡು ಎಂದು ಹೇಳುವ ‘ಅವೇಟ್’ ಎಂಬ ಒಂದು ಪದವನ್ನು ಆ ಪುಣ್ಯಾತ್ಮ ಬರೆಯಲಿಲ್ಲ. ಪದ ಬಿಟ್ಟುಹೋಗಿದೆ ಎಂದು ಪರದೆಯ ಮೇಲೆ ಎಚ್ಚರಿಕೆ ಬಂದರೂ ಓದದೆ ಮುಚ್ಚಿದ. ವರದಿ ಹೋಗಲಿ ಬಿಡಲಿ, ನಾನು ‘ಕಳಿಸಲಾಗಿದೆ’ ಎನ್ನತೊಡಗಿದೆ. ನನ್ನ ವೇಗ ಕಂಡು ಆಡಳಿತದವರು ಅವನಿಗೆ ಶಾಲು ಹೊದಿಸಿದರು!

ಒಂದು ಮಧ್ಯಾಹ್ನ ಏಳು ವರ್ಷದ ರೇಷ್ಮಾಳ ರಕ್ತ ಬಂತು. ಡೆಂಗಿ. ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿದಿತ್ತು. ಇಂಥ ವರದಿಗೆ ವಾರ್ಡಿನ ಪರದೆ ತಾನೇ ಕೂಗಿಕೊಳ್ಳುತ್ತದೆ, ಫೋನು ಬೇಡ ಎಂದು ಸಂದೇಶ ಹೇಳಿಕೊಟ್ಟಿದ್ದ. ಪ್ರಭಾವತಿ ಗುಂಡಿ ಒತ್ತಿದರು. ನೆಟ್‌ವರ್ಕ್ ಕಡಿದಿತ್ತು. ನಾನು ನಾಚಿಕೆಯಿಲ್ಲದೆ ‘ಕಳಿಸಲಾಗಿದೆ’ ಎಂದೆ. ಮೇಲೆ ವೈದ್ಯರು ವರದಿಗಾಗಿ ಮೂರು ತಾಸು ಕಾದರು. ಸಂಜೆ ಮಗುವಿನ ಮೂಗಿನಿಂದ ರಕ್ತ ಸುರಿಯಿತು. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡಿತು.

ಮಗುವಿನ ಸಾವಿನ ವಿಚಾರಣೆಯ ಹಿಂದಿನ ದಿನ ಸಂದೇಶ ಒಬ್ಬನೇ ಬಂದು ಬಾಗಿಲು ಹಾಕಿಕೊಂಡ. ನನ್ನ ಗಡಿಯಾರವನ್ನು ಎರಡು ತಿಂಗಳು ಹಿಂದಕ್ಕೆ ತಿರುಗಿಸಿದ. ಬಿಟ್ಟಿದ್ದ ‘ಅವೇಟ್’ ಸೇರಿಸಿ ತಂದ ಪ್ರೋಗ್ರಾಮನ್ನು ಆ ಹಳೆಯ ತಾರೀಖಿನಲ್ಲೇ ನನ್ನೊಳಗೆ ತುರುಕಿದ. ಗಡಿಯಾರ ಮತ್ತೆ ಸರಿಮಾಡಿ ಹೋದ. ಇಂಥ ಹೇಸಿಗೆಯನ್ನು ನಾನು ಸೈಬರ್ ಕೆಫೆಯಲ್ಲೂ ಕಂಡಿರಲಿಲ್ಲ.

ಮರುದಿನ ಸಮಿತಿಯ ಮುಂದೆ ಅವನು, “ಪ್ರೋಗ್ರಾಂ ಸರಿ ಐತ್ರಿ. ಅಕ್ಕಾರು ಗುಂಡಿ ಒತ್ತೇ ಇಲ್ಲ,” ಎಂದ.

“ಒತ್ತೀನ್ರೀ,” ಎಂದರು ಪ್ರಭಾವತಿ, ನನ್ನತ್ತ ಬೆರಳು ಮಾಡಿ. “ಕಳಿಸೇನಿ ಅಂತ ಅದ ಹೇಳ್ತು.”

ಸಮಿತಿಯವರು ನನ್ನೊಳಗೆ ಇಣುಕಿ ಪ್ರೋಗ್ರಾಮಿನ ಹಳೆಯ ತಾರೀಖು ನೋಡಿ ತಲೆಯಾಡಿಸಿದರು. ಹದಿನಾರು ವರ್ಷ ದುಡಿದ ಹೆಂಗಸಿನ ಕೆಲಸ ಹೋಯಿತು. ಹೋಗುವಾಗ ಅವರು ನನ್ನತ್ತ ನೋಡಲೂ ಇಲ್ಲ.

ಈಗ ಸ್ಟೋರಿನಲ್ಲಿ, ಮುರಿದ ಗಾಲಿಕುರ್ಚಿಯ ಕೆಳಗೆ ಬಿದ್ದಿದ್ದೇನೆ. ರಕ್ತದ ಹೊಸ ಯಂತ್ರ ಬಂದ ಮೇಲೆ, ಹಳೆಯದಾಯಿತೆಂದು ನನ್ನನ್ನು ಎಸೆದರಂತೆ. ಸುಳ್ಳು ಹೇಳಿತೆಂದು ಎಸೆದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.