ಹದಿಮೂರನೇ ಕಂತಿನ ಗೃಹಶಬ್ದ

ಕನ್ನಡಕದ ಅಂಗಡಿಯವರ ಮನೆಯ ಹಿಂಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪವಿದೆ. ಒಳಗೆ ಅವರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರೆ ಹೊರಗೆ ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ದೀಪ ಉರಿಯುವಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ. ಹಳೆಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತಂತಿಯೊಳಗೆ ಹರಿದುಹೋಗುವ ಧ್ವನಿಗೆ ಅಡುಗೆಮನೆಯ ಸೌಟಿನ ಸದ್ದು ತಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬೀದಿಯ ಮಕ್ಕಳು ಅವರಿಗೆ ‘ಉಶ್ ಮಾವ’ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ದೀಪ ಆರಿದ ಮೇಲೆ ಹೆಂಡತಿ ಬಾಗಿಲಲ್ಲಿ ತಲೆಹಾಕಿ ಕೇಳುತ್ತಾಳೆ: “ಮುಗೀತಾ? ಮಾತಾಡ್ಬಹುದಾ?” ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟ ಪಾಠ ಅದು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಯಿತು, ಪಾಠ ಮಾತ್ರ ಹಾಗೇ ಇದೆ.

ಉಶ್ ಮಾವನವರ ಹುಚ್ಚು ಏನೆಂದು ಹೇಳಿಬಿಡುತ್ತೇನೆ. ಟಿ.ವಿ. ಹೊಸದಾಗಿ ಬಂದ ಕಾಲದಲ್ಲಿ ಪ್ರಸಾರ ಕೇಂದ್ರದವರ ಹತ್ತಿರ ರೀಲುಗಳಿಗೆ ಬರ. ಈ ವಾರದ ಧಾರಾವಾಹಿಯನ್ನು ಅಳಿಸಿ ಅದರ ಮೇಲೇ ಮುಂದಿನ ವಾರದ್ದನ್ನು ತುಂಬಿಸುತ್ತಿದ್ದರು. ಹಾಗಾಗಿ ಆ ಕಾಲದ ಚಿತ್ರ ಒಂದೂ ಉಳಿದಿಲ್ಲ. ಉಳಿದದ್ದು, ಅಲ್ಲೊಬ್ಬರು ಇಲ್ಲೊಬ್ಬರು ಟಿ.ವಿ.ಯ ಮುಂದೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಧ್ವನಿ ಮಾತ್ರ. ಅದನ್ನು ಹುಡುಕಿ, ತಿಕ್ಕಿ ತೊಳೆದು, ಬೀರುವಿನಲ್ಲಿ ಇಡಲು ಒಂಬತ್ತು ಜನರ ಸಂಘವೊಂದಿದೆ. ಅದರ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಹುಳುಕು ಹಲ್ಲು ಕಿತ್ತ ಹಾಗೆ ಧ್ವನಿಯಿಂದ ಕೆಮ್ಮು ಕೀಳುವುದರಲ್ಲಿ ಅವರದು ಎತ್ತಿದ ಕೈ.

ಸಂಘಕ್ಕೆ ನಿಯಮಾವಳಿಯಿದೆ. ಧಾರಾವಾಹಿಗೆ ಸೇರದ ಸದ್ದೆಲ್ಲ ‘ಗೃಹಶಬ್ದ’. ಗೃಹಶಬ್ದವಿಲ್ಲದ್ದು ಶುದ್ಧ, ಅಲ್ಪಸ್ವಲ್ಪ ಇದ್ದದ್ದು ಮಧ್ಯಮ, ಮಗು ಅತ್ತರೆ ಅಶುದ್ಧ. ಕಂತಿನ ಹಿಂದು ಮುಂದಿನ ಸದ್ದನ್ನು ಕಡ್ಡಾಯವಾಗಿ ಕತ್ತರಿಸಬೇಕು. ಉಶ್ ಮಾವನವರು ಹದಿನಾಲ್ಕರ ವಯಸ್ಸಿನಿಂದ ಸ್ವಂತ ಕೈಯಾರೆ ಹಿಡಿದ ನಲವತ್ತೊಂದು ಕ್ಯಾಸೆಟ್ಟುಗಳೂ ಶುದ್ಧ. ಒಂದು ಕೆಮ್ಮು, ಒಂದು ಸೀನು ಸಹ ಇಲ್ಲ. ಸಂಘದಲ್ಲಿ ಈ ದಾಖಲೆ ಮುರಿದವರಿಲ್ಲ, ಅವರೂ ಅದನ್ನು ಯಾರಿಗೂ ಮರೆಯಲು ಬಿಟ್ಟಿಲ್ಲ.

ಆದರೂ ಒಂದು ಕೊರತೆ. ‘ಎದುರುಮನೆ ಬೀಗ’ ಎಂಬ ಧಾರಾವಾಹಿಯ ಹನ್ನೆರಡು ಕಂತು ಸಿಕ್ಕಿತ್ತು. ಹದಿಮೂರನೆಯದು, ಕೊನೆಯದು, ಸಿಕ್ಕಿರಲಿಲ್ಲ. ಕಾಣೆಯಾದ ಬೀಗದ ಕೈ ಯಾರ ಹತ್ತಿರ ಇತ್ತು ಎಂಬುದು ಅದರಲ್ಲೇ ಬಯಲಾಗುವುದು. ನೋಡಿದವರಿಗೆಲ್ಲ ಮರೆತುಹೋಗಿತ್ತು, ಇಲ್ಲವೇ ಬೇರೆ ಬೇರೆ ನೆನಪಿತ್ತು. ಸಂಘದಲ್ಲಿ ಮೈದುನನ ಪಕ್ಷ, ಅಡುಗೆಯವಳ ಪಕ್ಷ ಎಂದು ಎರಡು ಪಕ್ಷಗಳಾಗಿ, ಇಬ್ಬರು ಸದಸ್ಯರು ಆರು ವರ್ಷದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಹದಿಮೂರನೆಯದನ್ನು ತಂದವರೇ ಮುಂದಿನ ಅಧ್ಯಕ್ಷರು ಎಂದು ಹಲ್ಲಿನ ಡಾಕ್ಟರು ಘೋಷಿಸಿದ್ದರು. ಸಿಗುವುದಿಲ್ಲ ಎಂಬ ಧೈರ್ಯ ಅವರಿಗೆ.

ಉಶ್ ಮಾವನವರಿಗೆ ಆ ಕುರ್ಚಿ ಬೇಕಿತ್ತು. ಊಟಕ್ಕಿಂತ, ನಿದ್ದೆಗಿಂತ ಹೆಚ್ಚಾಗಿ ಬೇಕಿತ್ತು.

ಒಂದು ಭಾನುವಾರ ಅಕ್ಕನ ಫೋನು ಬಂತು. “ಲೋ, ಹೊಲಿಗೆ ಮಿಷನ್ ಮಾರೋಣ ಅಂತ ಡ್ರಾಯರ್ ಖಾಲಿ ಮಾಡ್ತಿದ್ದೆ. ಒಂದು ಕ್ಯಾಸೆಟ್ ಸಿಕ್ತು. ನಿನ್ನ ಕೋಳಿಕಾಲು ಅಕ್ಷರದಲ್ಲಿ ‘ಬೀಗ, ಕೊನೇದು, ಹಾಳು’ ಅಂತ ಬರೆದಿದೆ. ಎಸೀಲಾ?”

“ಅಕ್ಕಾ, ಮುಟ್ಟಬೇಡ!” ಎಂದರು ಉಶ್ ಮಾವ. ಅಪ್ಪ ರೆಕಾರ್ಡರ್ ತಂದ ವಾರ ಹಿಡಿದ ಮೊಟ್ಟಮೊದಲ ಕ್ಯಾಸೆಟ್ಟು ಅದು. ಕೆಟ್ಟುಹೋಯಿತೆಂದು ಸಿಟ್ಟಿನಲ್ಲಿ ಅಕ್ಕನ ಕಡೆ ಎಸೆದಿದ್ದರು. ಅವಳು ಅದರ ಮೇಲೆ ಹಾಡು ತುಂಬಿಸಿಕೊಂಡಳು ಎಂದೇ ಇಷ್ಟು ವರ್ಷ ನಂಬಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಇಂಥವರಿಗೆಂದೇ ಹುಟ್ಟಿದ್ದು.

ತಂದ ಕ್ಯಾಸೆಟ್ಟನ್ನು ಮನೆಯಲ್ಲಿ ಕೇಳಲು ಅವರು ಧೈರ್ಯ ಮಾಡಲಿಲ್ಲ. ಹಳೆಯ ಟೇಪು, ಒಂದು ಸಲ ಓಡಿ ತುಂಡಾದರೆ? ನೇರ ಸಂಘಕ್ಕೇ ಒಯ್ದರು. ಡಾಕ್ಟರ ಹಳೆಯ ಆಸ್ಪತ್ರೆಯೇ ಸಂಘದ ಕಚೇರಿ. ಒಂಬತ್ತೂ ಜನ ಹಾಜರು, ಹಲ್ಲು ಕೀಳುವ ಕುರ್ಚಿಯಲ್ಲಿ ಸ್ವತಃ ಅಧ್ಯಕ್ಷರು.

ಕ್ಯಾಸೆಟ್ಟು ಓಡಿತು. ಹೆಜ್ಜೆ ಸಪ್ಪಳ, ಅಳು, ಮತ್ತೆ ಅಳು. ಇನ್ಸ್‌ಪೆಕ್ಟರು ಗುಡುಗಿದರು: “ಬೀಗದ ಕೈ ಇಷ್ಟು ದಿನ ಎಲ್ಲಿತ್ತು ಗೊತ್ತೇ? ನೋಡಿ!”

ಆಮೇಲೆ ಢಂ ಎಂದು ವಾದ್ಯ. ಅಷ್ಟೇ. ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ‘ನೋಡಿ’ ಎಂದಮೇಲೆ ಟಿ.ವಿ.ಯಲ್ಲಿ ತೋರಿಸಿದ್ದಾರೆ, ನೋಡುವವರು ನೋಡಿದ್ದಾರೆ. ಧ್ವನಿ ಕೂಡಿಡುವವರ ಗತಿಯೇನು? ಒಂಬತ್ತು ಮುಖಗಳೂ ಬಾಡಿದವು.

ಆಗ, ವಾದ್ಯದ ಮೇಲೆ, ಟಿ.ವಿ.ಗಿಂತ ತುಂಬ ಹತ್ತಿರದಿಂದ, ಒಬ್ಬ ಹೆಂಗಸಿನ ಧ್ವನಿ ಕೇಳಿಸಿತು. “ಅಯ್ಯೋ, ನೋಡೋ ಮರಿ! ಬೀಗದಕೈ ಆ ಅಡುಗೆಯವಳ ಸೊಂಟದಲ್ಲೇ ಇದೆಯಲ್ಲೋ! ನಾನು ಮೊದಲ್ನೇ ವಾರಾನೇ ಹೇಳಿರ್ಲಿಲ್ವಾ?”

“ಬಾಯಿ ಮುಚ್ಚಮ್ಮಾ! ರೆಕಾರ್ಡ್ ಆಗ್ತಿದೆ! ಎಲ್ಲಾ ಹಾಳು ಮಾಡ್ದೆ!” ಎಂದು ಹುಡುಗನ ಕಿರುಚಾಟ.

ಆಮೇಲೆ ಅದೇ ಧ್ವನಿ, ಮೆಲ್ಲಗೆ: “ಗೊತ್ತಾಗ್ಲಿಲ್ಲಪ್ಪ. ಇನ್ನು ಮಾತಾಡಲ್ಲ.”

ಉಶ್ ಮಾವನವರು ಸ್ಪೀಕರಿನ ಕಡೆ ಬಗ್ಗಿದರು. ಒಂಬತ್ತು ವರ್ಷದಿಂದ ಕೇಳದ ಧ್ವನಿ. ಎರಡು ಸಾವಿರ ಗಂಟೆ ಯಾರು ಯಾರದೋ ಧ್ವನಿ ಕೂಡಿಟ್ಟ ಮನುಷ್ಯನ ಹತ್ತಿರ ಹೆತ್ತ ತಾಯಿಯದು ಒಂದು ಮಾತೂ ಇಲ್ಲವೆಂಬುದು ಆವರೆಗೆ ಅವರ ತಲೆಗೇ ಹೋಗಿರಲಿಲ್ಲ. ಕಣ್ಣು ತುಂಬಿತು. ಮುಚ್ಚಿಕೊಳ್ಳಲು ಕನ್ನಡಕ ತೆಗೆದು ಒರೆಸತೊಡಗಿದರು. ಕಸುಬು ಹೇಗೂ ಅದೇ, ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ಪಡಲು ಅಲ್ಲಿ ಪುರುಸೊತ್ತಾದರೂ ಯಾರಿಗಿತ್ತು? ಅಡುಗೆಯವಳ ಪಕ್ಷದವರು ಚಪ್ಪಾಳೆ ತಟ್ಟುತ್ತಿದ್ದರು. ಮೈದುನನ ಪಕ್ಷದವರಾದ ಡಾಕ್ಟರು ಕುರ್ಚಿಯಿಂದ ಎದ್ದರು.

“ಇದು ಗೃಹಶಬ್ದ. ನಿಯಮದ ಪ್ರಕಾರ ಕೀಳಬೇಕು.”

“ಕಿತ್ತರೆ ಕಥೆಗೆ ಕೊನೆಯೇ ಇರಲ್ಲ ಡಾಕ್ಟ್ರೇ!” ಎಂದರು ಅಡುಗೆಯವಳ ಪಕ್ಷದವರು.

“ಸರಿ. ಸಾಕ್ಷಿ ಅಂತಲೇ ಇಟ್ಕೊಳ್ಳೋಣ. ನಿಮ್ಮ ತಾಯಿಗೆ ಆಗ ಕನ್ನಡಕ ಇತ್ತಾ?” ಎಂದು ಡಾಕ್ಟರು ಉಶ್ ಮಾವನವರನ್ನು ಕೇಳಿದರು.

“ಇರ್ಲಿಲ್ಲ” ಎಂದರು ಉಶ್ ಮಾವ.

“ಬೇಕಾಗಿತ್ತಾ?”

ಜೀವಮಾನವಿಡೀ ಊರಿನವರ ಕಣ್ಣು ಪರೀಕ್ಷಿಸಿದವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಅಮ್ಮ ಕೊನೆಗಾಲದಲ್ಲಿ ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಿದ್ದದ್ದು ನೆನಪಾಯಿತು. ಅಂಗಡಿಗೆ ಕರೆದುಕೊಂಡು ಹೋದದ್ದು ನೆನಪಾಗಲಿಲ್ಲ.

ಒಂದು ಗಂಟೆ ಕಚ್ಚಾಡಿ ಠರಾವು ಪಾಸಾಯಿತು: ಕಂತು ಅಶುದ್ಧ, ಆದರೆ ಸ್ವೀಕೃತ. ಮೊದಲ ಮಾತನ್ನು ಉಳಿಸುವುದು. ಕಿರುಚಾಟವನ್ನೂ, “ಇನ್ನು ಮಾತಾಡಲ್ಲ” ಎಂಬುದನ್ನೂ ಅನಗತ್ಯವೆಂದು ಕೀಳುವುದು. ಹೊಸ ಅಧ್ಯಕ್ಷರ ಕೊರಳಿಗೆ ಹಾರ ಬಿತ್ತು. ಕಾರ್ಯದರ್ಶಿ ಅಭಿನಂದನೆಯ ಮಾತಾಡಿದರು: “ಇಲ್ಲಿ ಕಲಿಯೋ ವಿಷಯ ಒಂದಿದೆ. ಈ ಒಂದೇ ಕ್ಯಾಸೆಟ್ ಕೆಟ್ಟಿದ್ದು. ಇದರ ನಂತರದ ನಲವತ್ತೊಂದೂ ಶುದ್ಧ. ಎಂಥಾ ಶಿಸ್ತು ಸಾರ್ ನಿಮ್ಮ ಮನೇದು!”

ಮತ್ತೆ ಚಪ್ಪಾಳೆ. ಹೊಸ ಅಧ್ಯಕ್ಷರು ಹಾರ ತೆಗೆದು ಹಲ್ಲಿನ ಕುರ್ಚಿಯ ಮೇಲಿಟ್ಟು, ಮೂಲ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದುಬಿಟ್ಟರು.

ಹಿಂಕೋಣೆಯ ಬಿಸ್ಕತ್ ಡಬ್ಬಗಳಲ್ಲಿ ಆ ನಲವತ್ತೊಂದರ ಮೂಲಗಳಿದ್ದವು. ಅವನ್ನು ಹಿಡಿಯುವಾಗ ಅಮ್ಮ ಟಿ.ವಿ. ಇದ್ದ ಅದೇ ಕೋಣೆಯಲ್ಲಿ, ಚಾಪೆಯ ಮೇಲೆ ಪ್ರತಿ ವಾರ ಕೂತಿರುತ್ತಿದ್ದಳು. ಅವರು ಧ್ವನಿ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿಗೊಟ್ಟು ಕೂತರು. ಸ್ವಂತ ದಾಖಲೆಯಲ್ಲಿ ಒಂದು ಕೆಮ್ಮಿಗಾಗಿ, ಒಂದು ಆಕಳಿಕೆಗಾಗಿ ಹುಡುಕಿದರು. ಏನೂ ಇಲ್ಲ. ಶುದ್ಧ. ಆ ಶುದ್ಧಿಯ ಮೇಲೆ ಮೊದಲ ಸಲ ಅವರಿಗೆ ಹೇಸಿಗೆಯಾಯಿತು.

ಮೊದಲ ಕ್ಯಾಸೆಟ್ಟಿನಲ್ಲಿ ಕಂತು ಮುಗಿದು ಶೀರ್ಷಿಕೆಯ ಸಂಗೀತ ನಿಂತಿತು. ನಿಯಮದ ಪ್ರಕಾರ ಕತ್ತರಿಸುತ್ತ ಬಂದ ಬಾಲ ಅದು. ಅವರು ಯಾವತ್ತೂ ಕಿವಿಗೊಟ್ಟವರಲ್ಲ. ಅಲ್ಲಿ ಅಮ್ಮ ಇದ್ದಳು.

“ಮುಗೀತಾ? ಮಾತಾಡ್ಬ—”

ಟಕ್. ಹುಡುಗ ಗುಂಡಿ ಒತ್ತಿದ್ದ.

ಎರಡನೆಯ ಕ್ಯಾಸೆಟ್ಟಿನ ಬಾಲ: “ಮುಗೀತಾ? ಮಾ—” ಟಕ್. ಮೂರನೆಯದು, ಏಳನೆಯದು, ಇಪ್ಪತ್ತನೆಯದು. ಒಂದರಲ್ಲಿ ನಗುತ್ತ, ಒಂದರಲ್ಲಿ ನೆಗಡಿಯಲ್ಲಿ, ಕೊನೆಕೊನೆಯವುಗಳಲ್ಲಿ ಅವಸರವಿಲ್ಲದೆ. ನಲವತ್ತೊಂದು ಸಲ ಅಪ್ಪಣೆ ಕೇಳಿದ್ದಳು, ನಲವತ್ತೊಂದು ಸಲವೂ ಟಕ್. ಅಪ್ಪಣೆ ಸಿಕ್ಕ ಮೇಲೆ ಏನು ಹೇಳಬೇಕೆಂದಿದ್ದಳೋ, ಅದು ಯಾವ ಸಂಘದ ಬೀರುವಿನಲ್ಲೂ ಇಲ್ಲ. ಉಶ್ ಮಾವ ಮಗುವಿನ ಹಾಗೆ ಅತ್ತರು.

ದೀಪ ಆರಿ, ಅಳುವೂ ನಿಂತ ಮೇಲೆ ಬಾಗಿಲು ಸರಿಯಿತು. ಹೆಂಡತಿ ತಲೆಹಾಕಿದಳು.

“ಮುಗೀತಾ? ಮಾತಾಡ್ಬಹುದಾ?”

ಅವರು ತಿರುಗಿ ನೋಡಿದರು. ಬೆಳಗಿನಿಂದ ಏನೋ ಹೇಳಬೇಕೆಂದು ಕಾದ ಮುಖ. ಇಷ್ಟು ವರ್ಷದಲ್ಲಿ ಈಕೆಯ ಧ್ವನಿಯದೂ ತನ್ನ ಹತ್ತಿರ ಒಂದು ತುಣುಕು ಇಲ್ಲವಲ್ಲ ಎಂದು ಹೊಳೆಯಿತು.

“ಮಾತಾಡೇ. ಏನು ಬೇಕಾದ್ರೂ ಮಾತಾಡು. ಒಂದು ನಿಮಿಷ ತಡಿ” ಎಂದರು. ಹೊಸ ಕ್ಯಾಸೆಟ್ಟು ಹಾಕಿ, ಮೈಕನ್ನು ಅವಳ ಕಡೆ ತಿರುಗಿಸಿ, ಗುಂಡಿ ಒತ್ತಿದರು.

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅದನ್ನು ಕಂಡದ್ದೇ ಅವಳು ತುಟಿ ಪಿಟಕ್ಕೆನ್ನದೆ ಬಾಯಿಗೆ ಸೆರಗು ಒತ್ತಿಕೊಂಡು, ತುದಿಗಾಲಲ್ಲಿ ಹಿಂದೆ ಸರಿದು, ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡು ಹೋದಳು.