ಊರ ಹಿಂದೆ ರೈಲು, ಊರ ಮುಂದೆ ಬಸ್ಸು

ರೈಲು ಬೇಕೋ ಬಸ್ಸು ಬೇಕೋ ಎಂದು ಸರ್ಕಾರ ಕೇಳಿದ ದಿನದಿಂದ ನಮ್ಮೂರಲ್ಲಿ ಯಾರಿಗೂ ಉಂಡದ್ದು ಮೈಗೆ ಹತ್ತಲಿಲ್ಲ. ಕೋಲಾರದಿಂದ ವೇಮಗಲ್ ಮೇಲೆ ಮಾಲೂರಿಗೆ ಹೊಸ ಸಾರಿಗೆ ಬರುತ್ತದಂತೆ. ಲೈಟ್ ರೈಲಾದರೆ ಊರ ಹಿಂದಿನ ಹಿಪ್ಪುನೇರಳೆ ತೋಟಗಳು ಹೋಗುತ್ತವೆ. ಬಸ್ಸಿಗೇ ಬೇರೆ ಪಥ ಮಾಡಿದರೆ ರಸ್ತೆ ಅಗಲವಾಗಿ ಊರ ಮುಂದಿನ ಮನೆಗಳು ಹೋಗುತ್ತವೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಆಮೇಲೆ ನೋಡೋಣ ಎಂದರು. ಅಲ್ಲಿಯವರು ಪುಣ್ಯ ಮಾಡಿದ್ದರು.

ಹಿಂದಿನ ತೋಟ ನನ್ನ ಅತ್ತೆ ಮುನಿಗಂಗಮ್ಮನವರದು. ಮುಂದಿನ ಮನೆ ಅವರ ಮೈದುನ ಭೀಮರಾಜ್ ಅವರದು, ನನಗೆ ಚಿಕ್ಕಮಾವ. ಅವರ ಟೊಮೆಟೊ ಹೊಲ ನಮ್ಮ ತೋಟಕ್ಕೆ ಅಂಟಿಕೊಂಡೇ ಇದೆ. ಅತ್ತಿಗೆಯನ್ನು ಅವರು ತೆಲುಗಿನಲ್ಲಿ ವದಿನಾ ಎಂದೇ ಕರೆಯುವುದು.

"ಮೀಟಿಂಗಲ್ಲಿ ಯಾವುದಕ್ಕೂ ಕೈ ಎತ್ತೋದು ಬೇಡ ವದಿನಾ. ನಾನೂ ಎತ್ತಲ್ಲ, ನೀನೂ ಎತ್ತಬೇಡ," ಎಂದಿದ್ದರು. ಅತ್ತೆ ಅವರ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು.

ಊರಿನ ಒಪ್ಪಿಗೆ ಕೇಳುವ ಸಭೆ ಭಾನುವಾರ ಇತ್ತು. ನಾನು ಕೆಲಸ ಮಾಡುವ ಫ್ಯಾಕ್ಟರಿಗೆ ರಜೆಯಾದ್ದರಿಂದ ನಾನೇ ಸೊಪ್ಪು ಕೊಯ್ದು ತಂದೆ. ರೇಷ್ಮೆಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಅವು ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಅವುಗಳ ಹಸಿವು ರಾಕ್ಷಸ ಹಸಿವು. ಅತ್ತೆ ಸೊಪ್ಪನ್ನು ಮೂಗಿನ ಹತ್ತಿರ ಹಿಡಿದರು. ಅವರ ಮುಖ ಕಪ್ಪಿಟ್ಟಿತು.

"ಶ್ರೀವಾಣಿ, ಔಷಧಿ ವಾಸನೆ ಕಣೇ."

ನಮ್ಮೂರಿನಲ್ಲಿ ಒಂದು ರೂಢಿಯಿದೆ. ಬೆಳೆಗೆ ಔಷಧಿ ಹೊಡೆಯುವವರು ಬದುವಿನ ಕಲ್ಲಿಗೆ ಬೇವಿನ ಕೊಂಬೆ ಕಟ್ಟಬೇಕು. ಕೊಂಬೆ ಕಂಡರೆ, ಔಷಧಿ ಗಾಳಿಗೆ ಹಾರಿ ಬಿದ್ದಿರುತ್ತದೆಂದು ಪಕ್ಕದವರು ಸೊಪ್ಪು ಕೊಯ್ಯುವುದಿಲ್ಲ. ಹುಳಕ್ಕೆ ಬೇಕಾದ ಸೊಪ್ಪನ್ನು ಹೊಡೆದವರೇ ಬೇರೆ ಕಡೆಯಿಂದ ತಂದು ಕೊಡಬೇಕು. ಆ ಬೆಳಗ್ಗೆ ಕಲ್ಲಿನ ಮೇಲೆ ಕೊಂಬೆ ಇರಲಿಲ್ಲ. ರೈಲಿನ ಗುರುತಿಗೆಂದು ಸರ್ವೆಯವರು ಬಳಿದ, ಇನ್ನೂ ಒಣಗದ ಕೆಂಪು ಬಣ್ಣ ಮಾತ್ರ ಇತ್ತು.

ಅತ್ತೆ ಒಂದು ಹಿಡಿ ಹುಳಗಳನ್ನು ತಟ್ಟೆಗೆ ಬಿಟ್ಟು ಎರಡೇ ಎಲೆ ಹಾಕಿದರು. ಇಬ್ಬರೂ ನೋಡುತ್ತಾ ಕೂತೆವು. ಮೊದಲು ತಿಂದವು. ಆಮೇಲೆ ಒಂದು ಹುಳ ತಲೆ ಎತ್ತಿ ಅತ್ತಿತ್ತ ಆಡಿಸಿ ಹಸಿರು ಕಕ್ಕಿತು. ಅದರ ಹಿಂದೆಯೇ ಇನ್ನೊಂದು. ಹುಳ ಸಾಕುವ ಬಿದಿರು ತಟ್ಟಿಗಳಲ್ಲಿ ಉಳಿದ ಹುಳಗಳೆಲ್ಲ ತಲೆ ಎತ್ತಿಕೊಂಡು ಸೊಪ್ಪಿಗೆ ಕಾಯುತ್ತಿದ್ದವು, ಹಾಕಲು ನಮ್ಮ ಹತ್ತಿರ ಒಂದು ಎಲೆಯೂ ಇರಲಿಲ್ಲ.

ಚಿಕ್ಕಮಾವನಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರೂ ಅಷ್ಟೇ.

"ಇವತ್ತು ಹುಳ, ನಾಳೆ ತೋಟ," ಎಂದರು ಅತ್ತೆ. "ಹುಳ ಇಲ್ದಿದ್ರೆ ತೋಟ ಯಾಕೆ ಬೇಕು, ರೈಲಿಗೆ ಬಿಡು ಅಂತಾನೆ. ತನ್ನ ಮನೆ ಉಳೀಲಿ ಅಂತ್ಲೇ ಹೊಡೆದವ್ನೆ."

ಅಷ್ಟರಲ್ಲಿ ಮೈಕು ಕೂಗಿತು. ಶಾಲೆಯ ಅಂಗಳದಲ್ಲಿ ನಕ್ಷೆ ತೂಗುಹಾಕಿದ್ದರು. ಸಾರಿಗೆ ಇಲಾಖೆಯವರು ರೈಲಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ, ಬಸ್ಸು ಎಷ್ಟು ಬೇಗ ಶುರುವಾಗುತ್ತದೆ ಎಂದು ಬಹಳ ಚೆನ್ನಾಗಿ ವಿವರಿಸಿದರು. ಯಾರ ಕಿವಿಗೂ ಬೀಳಲಿಲ್ಲ. ಅತ್ತೆಯ ಕಣ್ಣು ಜನರ ನಡುವೆ ಭೀಮರಾಜ್ ಅವರನ್ನು ಹುಡುಕುತ್ತಿತ್ತು. ಅವರು ಎಲ್ಲೂ ಇರಲಿಲ್ಲ.

"ಮುಖ ತೋರ್ಸಕ್ಕೆ ಧೈರ್ಯ ಇಲ್ಲ ಅವ್ನಿಗೆ," ಎಂದು ಅತ್ತೆ ಪಿಸುಗುಟ್ಟಿದರು.

ಬಸ್ಸು ಬೇಕೆನ್ನುವವರು ಕೈ ಎತ್ತಿ ಎಂದಾಗ ಅತ್ತೆಯ ಕೈ ಮೇಲೆದ್ದಿತು. ನಾನು ಸೆರಗು ಜಗ್ಗಿದೆ, ಇಳಿಸಲಿಲ್ಲ. ಅಲ್ಲಿಯವರೆಗೆ ಅಳೆದೂ ಸುರಿದೂ ನೋಡುತ್ತಿದ್ದ ಹಿಂದಿನ ತೋಟದವರೆಲ್ಲ, ಮುನಿಗಂಗಮ್ಮನೇ ಎತ್ತಿದಳಲ್ಲ ಎಂದು ಒಬ್ಬೊಬ್ಬರಾಗಿ ಎತ್ತಿದರು. ಊರಿನ ಒಪ್ಪಿಗೆ ಬಸ್ಸಿಗೆ ಎಂದು ಬರೆದುಕೊಂಡು ಸಾರಿಗೆಯವರು ಜೀಪು ಹತ್ತಿದರು.

ಮನೆಗೆ ಬಂದರೆ ಹುಳುಮನೆಯ ಮುಂದೆ ಬೈಕು ನಿಂತಿತ್ತು. ಹುಳಕ್ಕೆ ರೋಗ ತಾಗದಿರಲೆಂದು ಬಾಗಿಲಿಗೆ ಉದುರಿಸಿದ್ದ ಬ್ಲೀಚಿಂಗ್ ಪುಡಿಯ ಆಚೆಗೆ ಸೊಪ್ಪಿನ ಎರಡು ಮೂಟೆಗಳು, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಚಿಕ್ಕಮಾವ.

"ಔಷಧಿ ಮುಟ್ಟಿದ ಕೈ ವದಿನಾ, ಒಳಗೆ ಬರಲ್ಲ. ಟೊಮೆಟೊಗೆ ಅಂಗಮಾರಿ ರೋಗ ಬಿದ್ದಿತ್ತು, ಇವತ್ತು ಬಿಟ್ಟಿದ್ರೆ ಗಿಡ ಉಳೀತಿರ್ಲಿಲ್ಲ. ನಸುಕಲ್ಲೇ ಹೊಡೆದು, ಕೊಂಬೆ ಕಟ್ಟಿ, ಸೊಪ್ಪಿಗೆ ಯಲ್ದೂರಿಗೆ ಹೋದೆ. ಇಲ್ಲೆಲ್ಲೂ ಸೊಪ್ಪು ಸಿಗ್ಲಿಲ್ಲ. ಗಾಡಿ ಮೇಲಿದ್ದೆ, ಫೋನು ಕೇಳಿಸ್ಲಿಲ್ಲ. ಕೊಂಬೆ ನೋಡಿದ್ರಿ ತಾನೇ?"

ನಾನು ಬದುವಿಗೆ ಓಡಿದೆ. ಬಣ್ಣ ಬಳಿಯಲೆಂದು ಸರ್ವೆಯವರು ಕಲ್ಲಿನ ಸುತ್ತ ಕಳೆ ಸವರಿ ಗುಡ್ಡೆ ಹಾಕಿದ್ದರು. ಕೆದಕಿದೆ. ಬೇವಿನ ಕೊಂಬೆ ಸಿಕ್ಕಿತು, ಟೊಮೆಟೊ ಕಟ್ಟುವ ದಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು. ತಂದು ಅತ್ತೆಯ ಮುಂದೆ ಹಿಡಿದೆ.

ಅತ್ತೆ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಮೀಟಿಂಗ್ ಏನಾಯ್ತು?" ಎಂದರು ಚಿಕ್ಕಮಾವ.

"ಕೈ ಎತ್ತಿಬಿಟ್ಟೆ ಕಣಪ್ಪ," ಎಂದರು ಅತ್ತೆ. "ಬಸ್ಸಿಗೆ."

ಚಿಕ್ಕಮಾವ ರಸ್ತೆ ಕಡೆ, ತಮ್ಮ ಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ಮೂಟೆಯ ಗಂಟು ಬಿಚ್ಚಿದರು.

"ಸೊಪ್ಪು ಬಾಡ್ತದೆ ವದಿನಾ. ಮೊದ್ಲು ಹುಳಕ್ಕೆ ಹಾಕು."